ಒರೆಸುವ ಮೊದಲಿನ ಅಳತೆ

ದುವ್ವಾಡ ಸ್ಟೇಷನ್ನಿನಲ್ಲಿ ಸಂಜೆಯ ರೈಲಿಗೆ ಕಾಯುತ್ತಿದ್ದಾಗ ಸುತ್ತಲಿನ ತೆಲುಗಿನ ನಡುವೆ ಪಕ್ಕದಲ್ಲಿ ಕನ್ನಡ ಕೇಳಿಸಿತು. ಬೆಂಚಿನಲ್ಲಿ ಇಬ್ಬರಿದ್ದರು. ಕೊರಳಿನ ಕಾರ್ಡುಗಳ ಪ್ರಕಾರ ಹಿರಿಯರು ಭರತೇಶ, ಯುವತಿ ಜಾಹ್ನವಿ. ಒಂದೇ ಕಾರ್ಖಾನೆಯ ಪರೀಕ್ಷಾ ವಿಭಾಗದವರು.

“ಐನೂರು ಸಲ ಹಾಕಿ ತೆಗೆದ ಮೇಲೆ ಕನೆಕ್ಟರಿನ ರೆಸಿಸ್ಟೆನ್ಸ್ ನಲವತ್ತು ಮಿಲಿಓಮ್ ಬಂತು ಸರ್. ಇಪ್ಪತ್ತು ದಾಟಬಾರದು.”

“ಮ್ಯಾನೇಜರ್ ಏನಂದ್ರು?”

“ಪಿನ್ ಒರೆಸಿ ಮತ್ತೆ ಅಳತೆ ಮಾಡು ಅಂದ್ರು. ಒರೆಸಿದ್ರೆ ಹನ್ನೆರಡು. ಅದನ್ನೇ ಬರೆದು ಪಾಸ್ ಮಾಡು ಅಂತಾರೆ.”

“ವೆಂಟಿಲೇಟರಿಗೆ ಹೋಗೂ ಮಾಲದು. ಆಸ್ಪತ್ರ್ಯಾಗ ಯಾರು ಒರಸ್ತಾರವ್ವಾ?”

“ಗೊತ್ತು ಸರ್. ಮೂರು ದಿನದಿಂದ ಇದೇ ಜಗಳ. ಇವತ್ತು ಸಾಕಾಗಿ, ಸಹಿ ಹಾಕಿಬಿಡೋಣ ಅನ್ನಿಸ್ತು.”

“ಹಾಕಿದೇನು?”

“ಇಲ್ಲ.”

ಭರತೇಶ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ನಾಳೆ ಎರಡೂ ಅಳತಿ ಬರಿ. ಒರಸೂ ಮೊದಲಿಂದು, ಆಮ್ಯಾಲಿಂದು. ಕೆಳಗ ಫೇಲ್ ಅಂತ ಬರದು ನಾ ಸಹಿ ಹಾಕ್ತೀನಿ.”

“ನಿಮ್ಮನ್ನ ವಿಜಯವಾಡಕ್ಕೆ ಎತ್ತಿ ಹಾಕ್ತಾರೆ ಸರ್.”

“ಹಾಕ್ಲಿ. ಹ್ವಾದ ಸಲದ ಟ್ರಾನ್ಸ್‌ಫರಿನ ಗಂಟುಮೂಟೇ ಇನ್ನೂ ಪೂರಾ ಬಿಚ್ಚಿಲ್ಲ.”

ರೈಲು ಬಂತು. ಜಾಹ್ನವಿ ಅವರ ಊಟದ ಚೀಲವನ್ನೂ ತಾನೇ ಎತ್ತಿಕೊಂಡು ಹಿಂದೆ ನಡೆದಳು.