ಇನ್ನೊಂದು ಕಂಪ್ಯೂಟರ್

…ಇಲ್ಲ ಇಲ್ಲ, ಕುರ್ಚಿ ಎತ್ತರ ಮಾಡ್ಕೋಬೇಡ ಮಗೂ, ಹಾಗೇ ಕೂತ್ಕೋ. ಅದು ಅವಳ ಅಳತೆಗೆ ಇಟ್ಟಿರೋದು. ನನ್ನ ಸೊಸೆ ಕುಳ್ಳಿ. ನಿನ್ನ ಮೊಣಕಾಲು ಮೇಜಿಗೆ ತಾಗ್ತಿದೆ, ಕಾಣಿಸ್ತಿದೆ, ಸ್ವಲ್ಪ ಹೊತ್ತು ತಡ್ಕೋ. ವಾಪಸ್ ಬಂದಾಗ ಅವಳು ಮೊದಲು ನೋಡೋದೇ ಕುರ್ಚಿನ. ಯಾರು ಮುಟ್ಟಿದ್ದು ಅಂತ ಮನೆ ಎಲ್ಲ ರಂಪ ಮಾಡ್ತಾಳೆ.

ಹಾಂ, ಅದೇ. ಬಲಗಡೆ ಕೆಳಗಿನ ಮೂಲೇಲಿ, ಬೂದಿ ಬಣ್ಣದ ಅಕ್ಷರ. ಲೈಸೆನ್ಸ್ ಆಕ್ಟಿವೇಟ್ ಮಾಡಿ, ಆಕ್ಟಿವೇಟ್ ಮಾಡಿ ಅಂತ. ಅದಕ್ಕೇ ನಿನ್ನ ಕರೆಸಿದ್ದು. ನಾನು ಸರಿಮಾಡ್ತೀನಿ, ಸ್ವಲ್ಪ ದಿನ ತೆಪ್ಪಗಿರುತ್ತೆ, ಆಮೇಲೆ ಮತ್ತೆ ಬಂದು ವಕ್ಕರಿಸುತ್ತೆ. ಮತ್ತೆ ಮಾಡ್ತೀನಿ, ಮತ್ತೆ ಬರುತ್ತೆ. ಸೆಟ್ಟಿಂಗ್ಸ್‌ಗೆ ಹೋಗೋದು, ಟ್ರಬಲ್‌ಶೂಟ್ ಒತ್ತೋದು, ಈ ಕಂಪ್ಯೂಟರಿನ ಭಾಗ ಏನೋ ಬದಲಾಯಿಸಿದ್ದೀನಿ ಅಂತ ಇರುತ್ತಲ್ಲ, ಅದನ್ನ ಒತ್ತೋದು. ನಾನೇನೂ ಬದಲಾಯಿಸಿಲ್ಲ, ಸುಳ್ಳೇ ಒತ್ತೋದು. ಒಂದೊಂದು ಸಲ ಒಂದೇ ಏಟಿಗೆ ಆಗುತ್ತೆ. ಒಂದೊಂದು ಸಲ ಅರ್ಧ ದಿನ ತಲೆ ತಿನ್ನುತ್ತೆ.

ಯಾಕೆ ನಗ್ತಿದ್ದೀಯ? ಈ ಮುದುಕಿಗೆ ಲೈಸೆನ್ಸು ಗೀಸೆನ್ಸು ಎಲ್ಲ ಎಲ್ಲಿಂದ ಬಂತು ಅಂತಾನಾ? ನಗು, ನಗು. ನನ್ನ ಮಗನಿಗಿಂತ ನಾನೇ ವಾಸಿ. ಅವನು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸೋನು, ಅವನಿಗೆ ಇದನ್ನ ಕಂಡರೇ ಆಗಲ್ಲ. ಇದೆಲ್ಲ ಸೊಸೆ ಮಾಡಿಕೊಂಡಿದ್ದು. ಬಟ್ಟೆ ಕಾರ್ಖಾನೆಯವರಿಗೆ ಕಸೂತಿ ಡಿಸೈನ್ ಮಾಡಿ ಕಳಿಸ್ತಿದ್ದಳು… ಕಳಿಸ್ತಾಳೆ. ಎಲೆ, ಬಳ್ಳಿ, ಸಣ್ಣ ಸಣ್ಣ ಹಕ್ಕಿ. ಇಲ್ಲಿ ಅವಳು ಗೆರೆ ಎಳೆದರೆ ಅಲ್ಲಿ ಮಷೀನು ಹೊಲಿಯುತ್ತಂತೆ. ಕದ್ದ ಸಾಫ್ಟ್‌ವೇರ್ ಹಾಕ್ಕೋ, ಎಲ್ಲರೂ ಹಾಕ್ಕೋತಾರೆ ಅಂದರು ಯಾರೋ. ಇವಳು ಒಪ್ಪಬೇಕಲ್ಲ? ನನ್ನ ಅನ್ನದ ಕೆಲಸ, ಕದ್ದದ್ದರ ಮೇಲೆ ಮಾಡಲ್ಲ ಅಂದಳು, ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡಳು. ಅಷ್ಟು ಜಂಬ ಅವಳಿಗೆ. ನನಗೂ ಕಂಪ್ಯೂಟರ್ ಕಲಿಸಿದ್ದು ಅವಳೇ. ಅತ್ತೆ, ಬೆರಳಲ್ಲಿ ಇಲೀನ ಕುಟ್ಟಬೇಡಿ, ಸತ್ತೋಗುತ್ತೆ ಅಂತ ತಮಾಷೆ ಮಾಡೋಳು.

ಏನು? ಅವರನ್ನೇ ಕೇಳಬಹುದಿತ್ತಲ್ಲ ಅಂತಾನಾ?

ಇಲ್ಲ… ಅವಳಿಲ್ಲ ಇಲ್ಲಿ. ಹೋಗಿದ್ದಾಳೆ. ಗಂಡ ಹೆಂಡತಿ ಮಧ್ಯೆ ಏನೋ ಮಾತಿಗೆ ಮಾತು ಬೆಳೀತು, ಕೋಪ ಮಾಡ್ಕೊಂಡು ಹೋದಳು. ಯಾರ ಮನೇಲಿ ಆಗಲ್ಲ ಹೇಳು. ಕಾರ್ಖಾನೆಯವರು ಅಲ್ಲೇ ಬಂದು ಕೆಲಸ ಮಾಡು ಅಂದರಂತೆ, ಇವಳು ಹೂಂ ಅಂದಳು, ಅವನು ಊಹೂಂ ಅಂದ. ಅಷ್ಟೇ ವಿಷಯ. ತವರಿಗೂ ಹೋಗಿಲ್ಲ. ನಮ್ಮ ಬೀಗಿತ್ತಿ ದಿನಾ ಫೋನ್ ಮಾಡ್ತಾರೆ. ಮೊದಮೊದಲು ಬೈತಿದ್ದರು. ಈಗ ಬೈಯೋದೂ ಇಲ್ಲ, ಏನಾದರೂ ಗೊತ್ತಾಯ್ತಾ ಅಂತ ಮೆಲ್ಲಗೆ ಕೇಳ್ತಾರೆ. ಅದನ್ನ ತಡ್ಕೊಳ್ಳೋದು ಕಷ್ಟ. ಬೈದರೆ ಎಷ್ಟೋ ವಾಸಿ.

ಅದಕ್ಕೇ ನಿನಗೆ ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ. ನನಗೆ ಇದು ರಿಪೇರಿ ಆಗೋದು ಅಷ್ಟೇನೂ ಮುಖ್ಯ ಅಲ್ಲ.

ಹಾಗೆ ನೋಡಬೇಡ, ಹುಚ್ಚು ಹಿಡಿದಿಲ್ಲ ನನಗೆ. ಕೇಳು. ಮೊದಲ ಸಲ ಈ ಅಕ್ಷರ ಬಂದಾಗ ಪಕ್ಕದ ಬೀದಿಯ ರಿಪೇರಿಯವನು ಬಂದಿದ್ದ, ಬೀಡಿ ವಾಸನೆಯವನು. ಅವನು ನಿಂತ ಹಾಗೇ ನೋಡಿ ಹೇಳಿದ. ಒಂದು ಲೈಸೆನ್ಸು ಒಂದೇ ಕಂಪ್ಯೂಟರಿಗಂತೆ. ಬೇರೆ ಕಡೆ ಹಾಕ್ಕೊಂಡರೆ ಇಲ್ಲಿಂದ ಹೋಗುತ್ತೆ, ಇಲ್ಲಿ ಹಾಕಿದರೆ ಅಲ್ಲಿಂದ ಹೋಗುತ್ತೆ. ನಿಮ್ಮ ಸೊಸೆ ಬೇರೆ ಕಂಪ್ಯೂಟರ್ ತಗೊಂಡು ಇದನ್ನೇ ಹಾಕ್ಕೊಂಡಿರ್ತಾರೆ ಬಿಡಿ ಅಜ್ಜಿ ಅಂದ.

ಅವನು ಹೋದಮೇಲೆ ಇಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎಲ್ಲೋ ಇದ್ದಾಳೆ! ಎಲ್ಲೋ ಒಂದು ಮೇಜಿದೆ, ಕುರ್ಚಿ ತಗ್ಗಿಸಿಕೊಂಡು ಕೂತಿದ್ದಾಳೆ, ಹಕ್ಕಿ ಬರೀತಿದ್ದಾಳೆ. ನಾನು ಇಲ್ಲಿ ಒತ್ತಿದರೆ ಅವಳಿಗೆ ಅಲ್ಲಿ ಆಫ್ ಆಗುತ್ತೆ. ಈ ಅತ್ತೆ ಸುಮ್ಮನಿರಲ್ಲ ಅಂತ ಬೈಕೊಂಡು ಅವಳು ಒತ್ತುತ್ತಾಳೆ. ನನಗೆ ಇಲ್ಲಿ ಆಫ್ ಆಗುತ್ತೆ. ಗೊತ್ತಾಯ್ತಾ? ಅವಳು ಮಾತಾಡಲ್ಲ, ಕೋಪ. ಆದರೆ ಉತ್ತರ ಕೊಡ್ತಾಳೆ. ಬೆಳಿಗ್ಗೆ ಎದ್ದು ಆನ್ ಮಾಡ್ತೀನಿ, ಆ ಬೂದಿ ಅಕ್ಷರ ಕಂಡ ದಿನ ಎರಡು ತುತ್ತು ಜಾಸ್ತಿ ಸೇರುತ್ತೆ ನನಗೆ. ಬೀಗಿತ್ತಿಗೂ ಹೇಳಿದೆ. ನಿಮ್ಮ ಮಗಳು ಚೆನ್ನಾಗಿದ್ದಾಳೆ, ಕೆಲಸ ಮಾಡ್ತಿದ್ದಾಳೆ, ಕಂಪ್ಯೂಟರಲ್ಲಿ ಗೊತ್ತಾಗುತ್ತೆ ಅಂತ. ಆಯಮ್ಮ ಫೋನಲ್ಲೇ ನನಗೆ ಕೈ ಮುಗಿದರು, ಕಾಣಿಸಲಿಲ್ಲ, ಆದರೆ ಗೊತ್ತಾಯ್ತು.

ಈಗ ಅವರು ಒಂದೇ ಹಟ ಹಿಡಿದಿದ್ದಾರೆ. ಎಲ್ಲಿಂದ ಅಂತ ಕೇಳಿಸಿ, ಊರಿನ ಹೆಸರು ಸಾಕು, ನಾನು ಹುಡುಕ್ತೀನಿ ಅಂತ. ಸಂಜೆ ಫೋನ್ ಮಾಡ್ತಾರೆ. ನಾನು ಏನಾದರೂ ಹೇಳಲೇಬೇಕು. ಅದಕ್ಕೇ ನೀನು. ಆ ಇನ್ನೊಂದು ಕಂಪ್ಯೂಟರ್ ಎಲ್ಲಿದೆ, ಅಷ್ಟು ನೋಡಿ ಹೇಳಿಬಿಡು. ನಿಮ್ಮ ಅಂಗಡಿಯಲ್ಲಿ ನೀನೇ ಜಾಣೆ ಅಂದರು.

ಡ್ರಾಯರಲ್ಲಿ ಏನು ಹುಡುಕ್ತಿದ್ದೀಯ? ಲೈಸೆನ್ಸಿನ ಚೀಟಿ ಅಲ್ಲಿಲ್ಲ… ಅದಾ? ಅದು ಅವಳ ಕನ್ನಡಕ. ಹಳೇದು. ಹಳೇದಿರಬೇಕು. ಇನ್ನೊಂದು ಇತ್ತು ಅನ್ಸುತ್ತೆ. ಹಾಕ್ಕೊಂಡು ನೋಡಬೇಡ, ತಲೆ ತಿರುಗುತ್ತೆ, ಸೋಡಾ ಬಾಟಲಿ ತಳದ ಹಾಗಿದೆ. ಅದಿಲ್ಲದಿದ್ದರೆ ಅವಳಿಗೆ ಎದುರಿಗಿದ್ದವರ ಮುಖ ಕೂಡ ಕಾಣಲ್ಲ. ಕೋಪದಲ್ಲಿ ಹೋಗೋರು ಏನೆಲ್ಲ ಮರೀತಾರೆ. ಇಡು, ಅಲ್ಲೇ ಇಡು.

ಏನು, ಅವಳ ಖಾತೆಗೆ ಹೋಗಬೇಕಾ? ಕೋಡ್ ಬರುತ್ತಾ? ಅವಳ ಫೋನಿಗಾ… ಇರು, ತರ್ತೀನಿ.

ತಗೋ. ಹಿಟ್ಟು ಮೆತ್ತಿದೆ, ಸೆರಗಲ್ಲಿ ಒರೆಸಿದೆ. ಆಫ್ ಮಾಡಿ ಹಿಟ್ಟಿನ ಡಬ್ಬೀಲಿ ಇಟ್ಟಿದ್ದೆ, ಚಾರ್ಜ್ ಇರುತ್ತೆ. ನನ್ನ ಮಗನಿಗೆ ಗೊತ್ತಿಲ್ಲ, ಅವನು ಇದನ್ನ ಬಹಳ ಹುಡುಕಿದ. ಅವಳ ತಲೆದಿಂಬಿನ ಕೆಳಗಿತ್ತು, ನಾನು ಮೊದಲು ನೋಡಿದೆ, ತೆಗೆದಿಟ್ಟೆ. ಯಾಕೆ ತೆಗೆದಿಟ್ಟೆ ಅಂದರೆ… ಸುಮ್ಮನೆ. ಸೊಸೆ ಸಾಮಾನು, ಜೋಪಾನವಾಗಿರಲಿ ಅಂತ.

ಫೋನ್ ಬಿಟ್ಟು ಯಾರು ಹೋಗ್ತಾರೆ ಅಂತ ನೀನು ಕೇಳೋದೇ ಬೇಡ. ಬಿಟ್ಟು ಹೋಗ್ತಾರೆ. ಯಾರ ಫೋನೂ ಬರಬಾರದು ಅಂತ ಬಿಟ್ಟು ಹೋಗ್ತಾರೆ. ಪಾಸ್‌ವರ್ಡ್ ಅವಳ ತಲೇಲಿದೆ, ಹೊಸ ಕಂಪ್ಯೂಟರಲ್ಲಿ ಹಾಕ್ಕೊಳ್ಳೋಕೆ ಅಷ್ಟು ಸಾಲ್ದಾ? ಹೇಳು, ಸಾಲ್ದಾ?

ನನ್ನ ಮಗ ಕೆಟ್ಟವನಲ್ಲ. ನೀನು ಏನೋ ಅಂದ್ಕೋತಿದ್ದೀಯ, ಮುಖ ನೋಡಿದರೆ ಗೊತ್ತಾಗುತ್ತೆ. ಕೋಪ ಜಾಸ್ತಿ, ಅಷ್ಟೇ, ಅವನ ಅಪ್ಪನದೂ ಹಾಗೇ ಇತ್ತು, ನಾನು ಬಾಳಲಿಲ್ವಾ? ಅವತ್ತು ಸಂಜೆ ಅವಳು ಹೋದಮೇಲೆ ಎಷ್ಟು ನೊಂದ ಗೊತ್ತಾ? ನಾನು ಅಡುಗೆಮನೆಯಿಂದ ಬರೋ ಹೊತ್ತಿಗೆ ಮೊಣಕಾಲೂರಿ ಕೂತು ಈ ಹಾಲ್ ತೊಳೀತಿದ್ದ. ಹುಟ್ಟಿದಾಗಿಂದ ಒಂದು ಲೋಟ ತೊಳೆದವನಲ್ಲ. ಬೇಜಾರು ಕಳೆಯೋಕೆ ಏನಾದರೂ ಮಾಡಬೇಕಲ್ಲ ಅಮ್ಮ ಅಂದ. ಹಿಂದಿನ ಬಾಗಿಲಿಂದ ಹೋದಳು, ನೀನು ಹುಡುಕಬೇಡ, ಯಾರು ಕೇಳಿದರೂ ಹೋದಳು ಅನ್ನು ಅಂದ. ಅನ್ನು ಅಂದ… ಅಂತಾನೇ ಇದ್ದೀನಿ. ನಾನೇನೂ ನೋಡಲಿಲ್ಲ. ಅಡುಗೆಮನೇಲಿದ್ದೆ, ಏನೂ ಕೇಳಿಸಲಿಲ್ಲ.

ಬಂತಾ? ಆ ಪುಟ ಬಂತಾ? ಸ್ವಲ್ಪ ಸರಿ, ನಾನೂ ನೋಡ್ತೀನಿ. ಇಲ್ಲಿ ಬರುತ್ತಾ, ಅವಳ ಹೆಸರಲ್ಲಿರೋ ಕಂಪ್ಯೂಟರೆಲ್ಲ?

ಒಂದೇ ಇದೆ.

ಇದು ಇದೇ ಅಲ್ವಾ, ನಮ್ಮ ಮನೇದು. ಕೆಳಗೆ ಹೋಗು. ಇನ್ನೂ ಕೆಳಗೆ… ಅಷ್ಟೇನಾ? ಇನ್ನೊಂದು ಸಲ ತೆಗೆದು ನೋಡು. ಬೇರೆ ಯಾವುದಾದರೂ ಪುಟದಲ್ಲಿ ಇರುತ್ತೆ. ಅವಳು ಜಾಣೆ, ಮುಚ್ಚಿಟ್ಟಿರ್ತಾಳೆ, ನಾನು ನೋಡಬಾರದು ಅಂತ. ಹಾಗೆ ಮುಚ್ಚಿಡೋಕೆ ಬರುತ್ತಲ್ಲ?

ತಲೆ ಯಾಕೆ ಅಲ್ಲಾಡಿಸ್ತೀಯ.

ಸರಿ, ಮತ್ತೆ ಈ ಅಕ್ಷರ ಯಾಕೆ ಬರುತ್ತೆ? ಅದನ್ನ ಹೇಳು! ಯಾರೂ ಮುಟ್ಟದೇ ತಾನೇ ಬರುತ್ತಾ? ಏನು ಮಾಡ್ತಿದ್ದೀಯ, ಡಬ್ಬ ಯಾಕೆ ಬಿಚ್ಚಬೇಕು… ಧೂಳಿದೆ, ಹುಷಾರು. ಬ್ಯಾಟರಿಯಾ? ಅಂಗಿ ಗುಂಡಿಯಷ್ಟಿದೆ. ಇದಕ್ಕೂ ಲೈಸೆನ್ಸಿಗೂ ಏನು ಸಂಬಂಧ? ಇದು ಸತ್ತಿದೆಯಾ… ಸತ್ತರೆ? ಗೋಡೆಯಿಂದ ಕರೆಂಟ್ ಬರೋ ತನಕ ಯೋಚನೆ ಇಲ್ಲ ಅಂತೀಯ. ವೈರ್ ಕಿತ್ತರೆ ಇದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ. ತಾರೀಕು ತಪ್ಪಿದರೆ ಅದಕ್ಕೆ ಲೈಸೆನ್ಸ್ ಗುರುತು ಸಿಗಲ್ಲ. ಹೂಂ. ಅಂದರೆ ವೈರ್ ಕಿತ್ತಾಗ ಮಾತ್ರ ಹೀಗಾಗುತ್ತೆ ಅಂತೀಯ.

ನಮ್ಮ ಮನೇಲಿ ವೈರ್ ಯಾರೂ ಕೀಳಲ್ಲ. ಸೊಸೆ ಹೇಳಿಟ್ಟಿದ್ದಾಳೆ, ನಾನು ಮುಟ್ಟೋದೇ ಇಲ್ಲ.

ಅವನು ಕೀಳ್ತಾನೆ.

ಅವನು… ಒಂದೊಂದು ದಿನ ಕುಡಿದು ಬಂದರೆ ಅವನಿಗೆ ಆ ಮಿಣುಕು ದೀಪ ಆಗಲ್ಲ. ಪರದೆ ಆಫ್ ಆದರೂ ಪೆಟ್ಟಿಗೆ ಮೇಲೆ ಒಂದು ದೀಪ ಮಿಣಕ್ ಮಿಣಕ್ ಅಂತಿರುತ್ತಲ್ಲ, ಅವಳು ಇಲ್ಲಿ ಕೂತಿರೋ ಹಾಗೆ ಅನ್ಸುತ್ತೆ ಅಂತಾನೆ. ಬಂದವನೇ ವೈರ್ ಕಿತ್ತು ಬಿಸಾಕ್ತಾನೆ. ಬೆಳಿಗ್ಗೆ ನಾನು ಎದ್ದು ಸಿಗಿಸ್ತೀನಿ. ಸಿಗಿಸಿ ಆನ್ ಮಾಡ್ತೀನಿ. ಆನ್ ಮಾಡಿದರೆ ಅಕ್ಷರ ಬಂದಿರುತ್ತೆ…

ಅವನು ಕಿತ್ತಾಗ.

ಅಂದರೆ ಇಷ್ಟು ದಿನದಿಂದ ಉತ್ತರ ಕೊಡ್ತಿದ್ದದ್ದು ಅವನಾ? ಅವನಾ ಮಗೂ?

ಬೇಡ, ಆ ಹೊಸ ಬ್ಯಾಟರಿ ಚೀಲದಲ್ಲೇ ಇಡು. ಹಾಕಬೇಡ ಅಂದೆನಲ್ಲ. ನಿನ್ನ ಕೂಲಿ ಕೊಡ್ತೀನಿ, ರಿಪೇರಿ ಬೇಡ. ಆ ಸತ್ತಿದ್ದನ್ನೇ ವಾಪಸ್ ಕೂರಿಸಿ ಡಬ್ಬ ಮುಚ್ಚಿಬಿಡು. ಇನ್ನೊಂದು ಕಂಪ್ಯೂಟರ್ ಇರಬಹುದು ಅಂತ ಒಂದು ಮಾತು ಹೇಳು. ಇದೆ ಅಂತ ಹೇಳಬೇಡ, ಇರಬಹುದು ಅನ್ನು, ಸುಳ್ಳಾಗಲ್ಲ. ಆ ಬೀಡಿಯವನು ನಿಂತ ಹಾಗೇ ಹೇಳಿದ, ನೀನು ಕೂತು ನೋಡಿ ಹೇಳೋಕೇನು? ನಾನು ಸಂಜೆ ಆಯಮ್ಮನಿಗೆ ಏನು ಹೇಳಲಿ?

ಮಾತಾಡು.

ಕಣ್ಣಲ್ಲಿ ನೀರು ಯಾಕೆ ನಿನಗೆ, ನೀನು ಅವಳನ್ನ ನೋಡೇ ಇಲ್ಲ. ಅವಳ ಫೋನ್ ಯಾಕೆ ಕೈಲಿ ಗಟ್ಟಿಯಾಗಿ ಹಿಡ್ಕೊಂಡಿದ್ದೀಯ? ನಾನು ಕಸ್ಕೊಳ್ಳಲ್ಲ. ನನ್ನ ಕೈಲಿ ಆಗಲ್ಲ.

ಹಾಗೆ ನೋಡಬೇಡ ಮಗೂ. ಬೇರೆ ಏನಾದರೂ ಕೇಳು, ಹೇಳ್ತೀನಿ. ಹೀಗೆ ಸುಮ್ಮನೆ ಕೂರಬೇಡ, ಅವತ್ತೂ ಮನೆ ಹೀಗೇ ಸುಮ್ಮನಾಗಿತ್ತು… ಕೇಳಿಸಲಿಲ್ಲ ಅಂದೆನಲ್ಲ, ಅದು ನಿಜ, ಅದು ಸುಳ್ಳಲ್ಲ. ಮಿಕ್ಸಿ ಓಡ್ತಿತ್ತು. ಅತ್ತೆ ಅಂತ ಅವಳು ಒಂದು ಸಲ ಕರೆದಳು, ನಾನು ಮಿಕ್ಸಿ ಹಾಕಿದೆ. ಇನ್ನೊಂದು ಸಲ ಕರೆದ ಹಾಗಾಯ್ತು, ಜೋರು ಮಾಡಿದೆ. ಅದರ ಸ್ವಿಚ್ ಹಿಡ್ಕೊಂಡೇ ನಿಂತಿದ್ದೆ. ಮೋಟಾರ್ ಬಿಸಿಯಾಗಿ, ಹೊಗೆ ಬಂದು, ತಾನೇ ನಿಂತು ಹೋಯ್ತು. ಆಮೇಲೆ ಕರೆಯೋದು ಕೇಳಿಸಲಿಲ್ಲ. ನೀರು ಸುರಿಯೋದು ಮಾತ್ರ ಕೇಳಿಸ್ತು.

ಜಾರಿನಲ್ಲಿ ಏನೂ ಇರಲಿಲ್ಲ ಮಗೂ. ಏನೂ ಇರಲಿಲ್ಲ. ಖಾಲಿ ಜಾರು.