ನಮ್ಮ ಕೌಂಟಿಯ ಐವತ್ತು ವರ್ಷದ ಪರಂಪರೆ

"ಹಲೋ... ಹಲೋ, ಯಾರು ಮಾತಾಡ್ತಿರೋದು? ... ಎನಿಡ್ ಅಲ್ವಾ? ... ಮತ್ತೆ ಯಾರಮ್ಮ ನೀನು? ಇದು ಎನಿಡ್ ಪಾರ್ಜಿಟರ್ ಅವರ ಮನೆ ತಾನೇ? ... ಹಾಂ, ನಾನು ಅವರ ತಮ್ಮ. ಕ್ಲಿಫರ್ಡ್ ಅಂತ. ... ತಮ್ಮ ಒಬ್ಬ ಇದ್ದಾನೆ ಅಂತ ಅವರು ಹೇಳೇ ಇಲ್ವಾ? ... ಇರಲಿ ಬಿಡು."

ಕ್ಲಿಫರ್ಡ್ ಪಾರ್ಜಿಟರ್ ಮೊಬೈಲನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದ. ಹ್ಯಾಲ್ಡನ್‌ಶೈರ್ ಕೌಂಟಿ ಕ್ರಿಕೆಟ್ ಕ್ಲಬ್ಬಿನ ಅಧ್ಯಕ್ಷ ಆತ. ಅದಕ್ಕೂ ಮೊದಲು ಬಹಳ ಕಾಲ ಅದೇ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದವನು. ಪೆವಿಲಿಯನ್ನಿನ ಕೆಳಗಿನ ತನ್ನ ಕೋಣೆಯಲ್ಲಿ, ಮೈದಾನಕ್ಕೆ ಬೆನ್ನು ಮಾಡಿ ಕುಳಿತಿದ್ದ. ಈ ಫೋನನ್ನು ಸೋಮವಾರವೇ ಮಾಡಬೇಕಿತ್ತು. ಮಂಗಳವಾರಕ್ಕೆ ತಳ್ಳಿದ, ಬುಧವಾರಕ್ಕೆ ತಳ್ಳಿದ. ಇವತ್ತು ಗುರುವಾರ, ಇನ್ನು ತಳ್ಳಲು ವಾರದಲ್ಲಿ ಜಾಗ ಉಳಿದಿರಲಿಲ್ಲ.

"ನೀನು ಅಲ್ಲಿ ಬಾಡಿಗೆಗೆ ಇದ್ದೀಯೇನಮ್ಮ? ... ಮೇಲಿನ ಕೋಣೇಲಾ? ಒಳ್ಳೇದಾಯ್ತು, ಅವಳಿಗೂ ಒಂದು ಜೊತೆ. ಏನು ಕೆಲಸ ಮಾಡ್ಕೊಂಡಿದ್ದೀಯ? ... ಬೌಲಿಂಗಾ? ... ಅಲ್ಲಮ್ಮ, ಆಟದ ವಿಷಯ ಅಲ್ಲ, ಹೊಟ್ಟೆಪಾಡಿಗೆ ಏನು ಮಾಡ್ತೀಯ ಅಂತ ಕೇಳಿದ್ದು. ... ಓ. ... ಓಹೋ. ನಮ್ಮ ಕ್ಲಬ್ಬಿಗಾ?"

ಟೆಗನ್ ಪೆನ್‌ರೋಸ್ ಎಂಬ ಎಡಗೈ ವೇಗದ ಬೌಲರ್ ಅವಳು. ಕಾರ್ನ್‌ವಾಲ್ ಕಡೆಯವಳು. ಹ್ಯಾಲ್ಡನ್‌ಶೈರ್ ಹೊಸದಾಗಿ ಪಡೆದುಕೊಂಡ ಸಂಬಳದ ಮಹಿಳಾ ತಂಡಕ್ಕೆ ಸಹಿ ಹಾಕಿದ ಮೊದಲ ಆಟಗಾರ್ತಿ. ಹೋದ ತಿಂಗಳು ಕ್ಲಿಫರ್ಡ್ ಅವಳ ಕೈ ಕುಲುಕಿ ಫೋಟೋ ತೆಗೆಸಿಕೊಂಡಿದ್ದ; ಆ ಫೋಟೋ ಈಗಲೂ ಅವನ ಗೋಡೆಯ ಮೇಲಿತ್ತು. ದನಿ ಮಾತ್ರ ಗುರುತು ಹತ್ತಲಿಲ್ಲ. ಆ ದಿನ ಮಾತನಾಡಿದ್ದೆಲ್ಲ ಅವನೇ.

"ಗೊತ್ತಾಯ್ತು, ಗೊತ್ತಾಯ್ತು, ಟೆಗನ್. ತಮಾಷೆಗೆ ಕೇಳ್ದೆ ಅಷ್ಟೆ. ... ಹೂಂ, ಭುಜದ ನೋವು ಹೇಗಿದೆ? ... ಭುಜ ಅಲ್ಲ, ಮಂಡೀನಾ? ಅದೇ, ಮಂಡಿ. ... ಸ್ವಲ್ಪ ಅವಳನ್ನ ಕರೀತೀಯಾ?"

ಹುಡುಗಿ ಕರೆಯಲು ಹೋದಳು. ಎಲ್ಲೋ ನಾಯಿ ಬೊಗಳಿತು, ಕುರ್ಚಿ ಸರಿದ ಸದ್ದಾಯಿತು. ಎಪ್ಪತ್ತಾರು ವಯಸ್ಸಿನ ಅಕ್ಕ ಅವಸರವಿಲ್ಲದೆ ನಡೆದು ಬರುತ್ತಿರುವುದು ಕ್ಲಿಫರ್ಡನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಚಿಕ್ಕಂದಿನಿಂದಲೂ ಅಷ್ಟೆ, ಅವಳು ಕ್ರೀಸಿಗೆ ಹೋಗುವಾಗಲೂ ಅವಸರ ಮಾಡಿದವಳಲ್ಲ.

"ಅಕ್ಕಾ, ನಾನು ಕ್ಲಿಫರ್ಡ್. ... ಯಾವ ಕ್ಲಿಫರ್ಡ್ ಅಂದ್ರೆ? ನಿನಗೆ ಎಷ್ಟು ಜನ ಕ್ಲಿಫರ್ಡ್ ಗೊತ್ತು? ... ಹಾಂ, ಕ್ರಿಸ್‌ಮಸ್ ಇನ್ನೂ ದೂರ ಇದೆ, ನನಗೂ ಗೊತ್ತು. ... ಯಾರೂ ಸತ್ತಿಲ್ಲ ಅಕ್ಕಾ. ಯಾರಾದರೂ ಸತ್ತರೇ ಫೋನ್ ಮಾಡಬೇಕು ಅಂತ ಏನಾದರೂ ಇದೆಯಾ?"

ಇವರಿಬ್ಬರ ನಡುವೆ ಹೆಚ್ಚು ಕಡಿಮೆ ಹಾಗೇ ಇತ್ತು. ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಬೆಳಿಗ್ಗೆ ಒಂದು ಫೋನು, ಹವಾಮಾನದ ಬಗ್ಗೆ ನಾಲ್ಕು ಮಾತು, ಅಲ್ಲಿಗೆ ರಕ್ತಸಂಬಂಧದ ಋಣ ತೀರುತ್ತಿತ್ತು. ಹಾಗಿದ್ದೂ ಕ್ಲಿಫರ್ಡ್ ಮೊದಲು ಅವಳ ಮಂಡಿ, ಆಮೇಲೆ ಅವಳ ನಾಯಿ, ಆಮೇಲೆ ಅವಳ ಗುಲಾಬಿ ಗಿಡಗಳ ಯೋಗಕ್ಷೇಮ ವಿಚಾರಿಸಿದ. ಗಿಡಗಳ ಹೊತ್ತಿಗೆ ಆ ಕಡೆಯ ತಾಳ್ಮೆ ಮುಗಿದಿರಬೇಕು.

"ಆಯ್ತು, ವಿಷಯಕ್ಕೇ ಬರ್ತೀನಿ. ಶನಿವಾರ ನಮ್ಮ ಹುಡುಗೀರ ಮೊದಲನೇ ಮ್ಯಾಚು. ಟೆಗನ್ ಹೇಳಿರ್ತಾಳೆ. ಟೀವಿಯೋರು ಬರ್ತಾರೆ, ರಾಷ್ಟ್ರೀಯ ಮಂಡಳಿಯೋರೂ ಬರ್ತಾರೆ. ಆಟ ಶುರುವಾಗೋಕೆ ಮುಂಚೆ ಪೆವಿಲಿಯನ್ ಗಂಟೆ ಹೊಡೀತಾರಲ್ಲ, ಅದನ್ನ ನೀನು ಹೊಡೀಬೇಕು ಅಂತ ಸಮಿತಿಯ ಆಸೆ. ... ನನ್ನ ಆಸೆಯೂ ಹೌದು. ... ಯಾಕೆ ಅಂದ್ರೆ? ನೀನು ನಮ್ಮ ಹಳೇ ಕ್ಯಾಪ್ಟನ್ ಅಲ್ವಾ?"

'ನಮ್ಮ' ಎಂಬ ಮಾತು ಬಾಯಿಂದ ಬಿದ್ದ ಮೇಲೆ ಕ್ಲಿಫರ್ಡ್ ಕಣ್ಣು ಮುಚ್ಚಿಕೊಂಡ. ಅಕ್ಕ ಬಯ್ದಿದ್ದರೆ ವಾಸಿಯಿತ್ತು.

ನಡೆದದ್ದು ಇಷ್ಟು. ಮಹಿಳಾ ತಂಡ ಬೇಕೆಂದು ಕೇಳಿದ ಕೌಂಟಿಗಳಿಗೆ ಮಂಡಳಿ ಒಂದು ಪ್ರಶ್ನೆ ಹಾಕಿತ್ತು: ನಿಮ್ಮಲ್ಲಿ ಹೆಂಗಸರ ಕ್ರಿಕೆಟ್ಟಿಗೆ ಬೇರು ಇದೆಯೇ? ಒಂದೇ ಬಣ್ಣದ ಟೈ ಕಟ್ಟಿದ ಕ್ಲಬ್ಬಿನ ಸಮಿತಿಯ ಹನ್ನೊಂದು ಗಂಡಸರು ಮುಖ ಮುಖ ನೋಡಿಕೊಂಡರು. ತಂಡ ಬಂದರೆ ಅದರ ಬೆನ್ನಿಗೆ ಅನುದಾನವೂ ಬರುತ್ತದೆ, ಗಂಡಸರ ಸ್ಟ್ಯಾಂಡಿನ ಸೋರುವ ಮಾಡೂ ರಿಪೇರಿಯಾಗುತ್ತದೆ. ಆಗ ಕ್ಲಿಫರ್ಡನೇ ಮಂಡಳಿಯ ಮುಂದೆ ಎದ್ದು ನಿಂತು ಭಾಷಣ ಮಾಡಿದ್ದ. ನಮ್ಮ ಕೌಂಟಿಯಲ್ಲಿ ಇದು ಐವತ್ತು ವರ್ಷದ ಪರಂಪರೆ, ಎಪ್ಪತ್ತೊಂಬತ್ತರಲ್ಲೇ ಎನಿಡ್ ಪಾರ್ಜಿಟರ್ ನಾಯಕತ್ವದಲ್ಲಿ ನಮ್ಮ ಹೆಣ್ಣುಮಕ್ಕಳು ಪಕ್ಕದ ಕೌಂಟಿಯ ವಿರುದ್ಧ ಇದೇ ಮೈದಾನದಲ್ಲಿ ಆಡಿದರು ಎಂದು. ಮಂಡಳಿಯ ಒಬ್ಬಾಕೆ ಕಣ್ಣೊರೆಸಿಕೊಂಡಿದ್ದಳು.

ಕ್ಲಿಫರ್ಡನ ಲೆಕ್ಕದಲ್ಲಿ ಮೈದಾನವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಿಜ. ಆ ದಿನ ಬಸ್ಸಿನಿಂದ ಇಳಿದ ಹೆಂಗಸರಿಗೆ ಸಿಕ್ಕಿದ್ದು ಬೀಗ ಹಾಕಿದ ಗೇಟು. ಮರುದಿನ ಗಂಡಸರ ಪಂದ್ಯವಿದೆ, ಹುಲ್ಲು ತುಳಿದು ಹಾಳಾಗುತ್ತದೆ ಎಂದು ಸಮಿತಿ ಕೊನೇ ಗಳಿಗೆಯಲ್ಲಿ ಮಾತು ಬದಲಿಸಿತ್ತು. ಅಪ್ಪಣೆ ಸಮಿತಿಯದು, ಬೀಗ ಹಾಕಿದ ಕೈ ಆಗಷ್ಟೇ ಸಹಾಯಕ ಕಾರ್ಯದರ್ಶಿಯಾಗಿದ್ದ ತಮ್ಮನದು. ಹೆಂಗಸರು ಬ್ಯಾಟು ಪ್ಯಾಡು ಹೊತ್ತುಕೊಂಡು ಬಿಸ್ಕತ್ತು ಕಾರ್ಖಾನೆಯ ಹಿಂದಿನ ಬಯಲಿಗೆ ನಡೆದರು. ಹ್ಯಾಲ್ಡನ್‌ಶೈರಿಗೇ ಹಿಂದೆ ಆಡಿದ್ದ ಈ ಅಕ್ಕತಮ್ಮಂದಿರ ಅಪ್ಪ ಮೋಟುಗೋಡೆಯ ಮೇಲೆ ಕುಳಿತು ಆಟ ನೋಡಿದರು. ಅವರು ನೋಡಿದ ಕೊನೆಯ ಪಂದ್ಯ ಅದು.

"ಹಾಂ, ಇದೇ ಮೈದಾನದಲ್ಲಿ ಆಡಿದ್ರು ಅಂತ ಮಂಡಳಿಯೋರಿಗೆ ಹೇಳಿದ್ದೀನಿ. ... ಇಲ್ಲ, ಸುಳ್ಳು ಅನ್ನಬೇಡ. ಸುಳ್ಳಲ್ಲ, ಸ್ವಲ್ಪ... ಜಾಗ ಆಚೆ ಈಚೆ ಆಗಿದೆ ಅಷ್ಟೆ. ... ಹಾಂ? ಯಾರು ಗೆದ್ದಿದ್ದಾ? ... ನೀವೇ ತಾನೇ? ... ಸೋತ್ರಾ? ... ಅಯ್ಯೋ, ನಾನು ಗೆದ್ದದ್ದು ಅಂತ ಹೇಳಿಬಿಟ್ಟಿದ್ದೀನಲ್ಲ ಅಕ್ಕಾ."

ಅಕ್ಕ ನಕ್ಕಳು. ತಮ್ಮನಿಗೆ ಆ ನಗು ಹಳೆಯ ಪರಿಚಯ. ಮನೆಯ ಹಿತ್ತಿಲಲ್ಲಿ ಮೂರು ಎಸೆತದಲ್ಲಿ ಎರಡು ಸಲ ಅವನ ಸ್ಟಂಪು ಉರುಳಿಸಿದಾಗಲೆಲ್ಲ ಹೀಗೇ ನಗುತ್ತಿದ್ದಳು. ಆಟ ಬಂದದ್ದು ಅವಳಿಗೆ, ಕ್ಲಬ್ಬಿನ ಸದಸ್ಯತ್ವ ಬಂದದ್ದು ಅವನಿಗೆ.

"ನಿನ್ನ ದಮ್ಮಯ್ಯ, ಗಂಟೆ ಹೊಡಿ, ಟೀವಿಯೋರು ಕೇಳಿದಾಗ ಒಂದೆರಡು ಒಳ್ಳೇ ಮಾತಾಡು. ಜಾಗದ ವಿಷಯ ಎತ್ತಬೇಡ. ನನಗೋಸ್ಕರ ಅಲ್ಲ, ಆ ಹುಡುಗೀರಿಗೋಸ್ಕರ ಕೇಳ್ತಿದ್ದೀನಿ. ಈಗ ತಾನೇ ಒಂದು ಸಂಬಳ ಅಂತ ಕಣ್ಣಿಗೆ ಕಂಡಿದೆ. ಮಂಡಳಿಯೋರು ಮುನಿಸಿಕೊಂಡರೆ ಅವರ ಗತಿ ಏನು? ... ಹಾಂ? ... ಎಲ್ಲಿ ಬಟ್ಟೆ ಬದಲಾಯಿಸ್ತಾರೆ ಅಂದ್ರೆ? ... ವ್ಯವಸ್ಥೆ ಮಾಡಿದ್ದೀವಿ. ... ಚೆನ್ನಾಗೇ ಇದೆ."

ವ್ಯವಸ್ಥೆ ಎಂದರೆ ಕಾರು ನಿಲ್ಲಿಸುವ ಜಾಗದ ಹಿಂದೆ, ಹುಲ್ಲು ಕತ್ತರಿಸುವ ಯಂತ್ರಗಳ ಪಕ್ಕದಲ್ಲಿ ಇಟ್ಟಿದ್ದ ಒಂದು ತಗಡಿನ ಕೋಣೆ. ಅಕ್ಕನಿಗೆ ಅದು ಗೊತ್ತಿಲ್ಲವೆಂದುಕೊಂಡ ಕ್ಲಿಫರ್ಡ್ ಗಾಳಿ ಬೆಳಕನ್ನು ವರ್ಣಿಸಲು ಶುರುಮಾಡಿದ. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವಳ ನೆನಪು ಬರುವ ಹೊತ್ತಿಗೆ ತಡವಾಗಿತ್ತು.

"ಸರಿ, ಪೆಟ್ರೋಲ್ ವಾಸನೆ ಸ್ವಲ್ಪ ಇದೆ. ... ಒಂದೇ ಶವರ್, ಹೌದು. ... ಗಂಡಸರ ಡ್ರೆಸಿಂಗ್ ರೂಮಾ? ಪೆವಿಲಿಯನ್‌ದಾ? ... ಶನಿವಾರ ಅವರು ಇಲ್ಲಿ ಆಡ್ತಿಲ್ಲ ನಿಜ. ಖಾಲಿ ಇರುತ್ತೆ, ಅದೂ ನಿಜ. ಆದರೆ ಅವರ ಸಾಮಾನು ಇರುತ್ತಲ್ಲ. ... ಸಾಮಾನಿಗೆ ನಾಚಿಕೆ ಇಲ್ಲ ಅಂತೀಯಾ? ... ಅಕ್ಕಾ, ಅದು ನನ್ನೊಬ್ಬನ ಕೈಲಿಲ್ಲ. ಸಮಿತಿ ಸೇರಬೇಕು, ಚರ್ಚೆ ಆಗಬೇಕು. ಸದಸ್ಯರು ಕೂರೋ ಹಾಲ್ ಮಧ್ಯದಿಂದ ಹುಡುಗೀರು ಇಳಿದು ಹೋಗೋದು ಅಂದ್ರೆ... ಏನು ಅಂದ್ರೆ ಏನು ಹೇಳಲಿ? ರೂಢಿ ಇಲ್ಲ."

ಮುಂದೆ ಅವಳು ಹೇಳಿದ್ದನ್ನು ಕೇಳಿ ಕ್ಲಿಫರ್ಡ್ ಎದ್ದು ನಿಂತ. ಟೀವಿಯವರು ಆಗಲೇ ಅವಳಿಗೂ ಫೋನು ಮಾಡಿದ್ದರಂತೆ. ಎಪ್ಪತ್ತೊಂಬತ್ತರ ಪಂದ್ಯದ ಜಾಗ ತೋರಿಸಿ ಎಂದು ಕೇಳಿದ್ದರಂತೆ. ಬಿಸ್ಕತ್ತು ಕಾರ್ಖಾನೆಗೆ ಬಸ್ಸು ಎಲ್ಲಿ ಸಿಗುತ್ತದೆಂದು ಅವಳಿನ್ನೂ ತಿಳಿಸಿರಲಿಲ್ಲವಂತೆ.

"ಆ ರೂಮಿನ ಬಾಗಿಲು ಮೊದಲು ತೆಗೀಬೇಕಾ? ಈಗಲೇನಾ? ... ಈಗಲೇ ಅಂದ್ರೆ ಈ ನಿಮಿಷಾನಾ? ... ಇಟ್ಟುಬಿಡಬೇಡ, ಹೋಗ್ತಿದ್ದೀನಿ. ಮೆಟ್ಟಿಲು ಹತ್ತುತಾ ಇದ್ದೀನಿ, ಕೇಳಿಸ್ತಿದೆಯಾ?"

ಮರದ ಮೆಟ್ಟಿಲು ಕಿರುಗುಟ್ಟಿತು. ಮೇಲೆ ಹೋಗಿ ಉಸಿರು ಬಿಟ್ಟು, ಬೀಗದ ಕೈ ಗೊಂಚಲಿನಲ್ಲಿ ಹುಡುಕಿ, ಬಾಗಿಲು ತೆಗೆದ. ಬೆವರು, ಬ್ಯಾಟಿಗೆ ಸವರುವ ಲಿನ್ಸೀಡ್ ಎಣ್ಣೆ, ಒಣಗದ ಟವೆಲುಗಳ ವಾಸನೆ ಮುಖಕ್ಕೆ ರಾಚಿತು. ಪೆಟ್ರೋಲ್ ವಾಸನೆಯೇ ವಾಸಿ ಎನಿಸಿತು. ಸಾಮಾನನ್ನೂ ಎತ್ತಬೇಕೆಂದು ಅಪ್ಪಣೆಯಾಯಿತು. ಅಧ್ಯಕ್ಷರು ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಯಾರದೋ ಶೂಗಳನ್ನೂ ಯಾರದೋ ಬನಿಯನ್ನುಗಳನ್ನೂ ಬಾಚಿ ಮೂಲೆಯ ಬುಟ್ಟಿಗೆ ತುಂಬಿದರು.

"ಆಯ್ತು. ಬೆಂಚೆಲ್ಲ ಖಾಲಿ. ... ಎಂಟು ಶವರ್ ಇದೆ. ... ಕಿಟಕಿಯಿಂದಾ? ಮೈದಾನ ಪೂರ್ತಿ ಕಾಣುತ್ತೆ. ಪಿಚ್ಚು ನೆಟ್ಟಗೆ ಎದುರಿಗೇ. ... ಗೋಡೆ ಮೇಲಾ? ... ಹಾಂ, ಇದೆ. ಸೆಂಚುರಿ ಹೊಡೆದವರ ಹಲಗೆ ಇದೆ. ... ಯಾಕೆ, ನೀನು ನೋಡಿಲ್ವಾ?"

ಕೇಳಿದ ಮೇಲೆ ಅವನಿಗೆ ಹೊಳೆಯಿತು. ಅವಳು ಎಲ್ಲಿ ನೋಡಿರಬೇಕು? ಈ ಕೋಣೆಗೆ ಹೆಂಗಸರು ಬರುವಂತಿರಲಿಲ್ಲ, ಗುಡಿಸುವವರನ್ನು ಬಿಟ್ಟು. ಅಪ್ಪ ಊಟದ ಮೇಜಿನಲ್ಲಿ ಆ ಹಲಗೆಯನ್ನು ಎಷ್ಟು ಸಲ ಬಣ್ಣಿಸಿದ್ದರು. ಅದರಲ್ಲಿ ಅವರ ಹೆಸರು ಮೇಲಿನಿಂದ ಎಷ್ಟನೆಯದು, ಯಾವ ಅಕ್ಷರದ ಬಂಗಾರ ಉದುರಿದೆ ಎಲ್ಲವನ್ನೂ. ಆಟ ಕಲಿಸಿದ್ದು ಮಗಳಿಗೆ. ಹಲಗೆ ತೋರಿಸಲು ಕರೆತಂದದ್ದು ಮಗನನ್ನು, ಅದೂ ಬ್ಯಾಟು ಹಿಡಿಯುವುದು ಎಂದೂ ಸರಿಯಾಗಿ ಬಾರದ ಮಗನನ್ನು. ಅರ್ಧ ಶತಮಾನದಿಂದ ಕ್ಲಿಫರ್ಡ್ ಈ ಹಲಗೆಯ ಕೆಳಗೆ ಓಡಾಡಿದ್ದ. ತಲೆಯೆತ್ತಿ ನೋಡಿ ಎಷ್ಟು ಕಾಲವಾಗಿತ್ತೋ.

"ಓದ್ಲಾ? ... ಇರು, ಕನ್ನಡಕ ಹಾಕ್ಕೋತೀನಿ. ... ಡಬ್ಲ್ಯು. ಜಿ. ಎಚ್. ಪಾರ್ಜಿಟರ್. ನೂರಾ ಹನ್ನೆರಡು, ಔಟಾಗದೆ. ... ಹೌದು, ಔಟಾಗದೆ ಅಂತಾನೇ ಇದೆ. ... ಅಪ್ಪ ಉತ್ಪ್ರೇಕ್ಷೆ ಮಾಡಿರಲಿಲ್ಲ ಅಕ್ಕಾ. ... ಇನ್ನೊಂದು ಸಲಾನಾ? ... ಡಬ್ಲ್ಯು. ಜಿ. ಎಚ್. ಪಾರ್ಜಿಟರ್."

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಕೆಳಗೆ ಮೈದಾನದಲ್ಲಿ ರೋಲರ್ ಹೋಗುತ್ತಾ ಬರುತ್ತಾ ಇತ್ತು. ಆ ಮೌನವನ್ನು ಕ್ಲಿಫರ್ಡ್ ತನಗೆ ಅನುಕೂಲವಾಗುವಂತೆ ಅರ್ಥ ಮಾಡಿಕೊಂಡ. ಇಷ್ಟು ವರ್ಷ ಕ್ಲಬ್ಬು ನಡೆಸಿದವನಿಗೆ ಅದು ಕರಗತವಾದ ವಿದ್ಯೆ.

"ಹಂಗಾದರೆ ಎಲ್ಲ ಸರಿಹೋಯ್ತಲ್ಲ. ಹುಡುಗೀರು ಇಲ್ಲೇ ಬರಲಿ, ಹಾಲ್ ಮಧ್ಯದಿಂದಲೇ ಇಳೀಲಿ. ನೀನು ಗಂಟೆ ಹೊಡಿ. ಟೀವಿಯೋರು ಕೇಳಿದರೆ ಹಳೇದು ಸರಿಯಾಗಿ ನೆನಪಿಲ್ಲ ಅಂದುಬಿಡು, ವಯಸ್ಸಾಗಿದೆ, ಯಾರೂ ತಪ್ಪು ತಿಳಿಯಲ್ಲ. ... ಏನಂದೆ? ... ಹೇಳ್ತೀಯಾ? ಗೇಟಿನ ವಿಷಯಾನಾ? ... ಅಲ್ಲ, ರೂಮು ತೆಗೆದೆನಲ್ಲ! ಮಾತು ಕೊಟ್ಟೆಯಲ್ಲ ನೀನು. ... ಕೊಡಲಿಲ್ವಾ? ... 'ಮೊದಲು ಬಾಗಿಲು ತೆಗಿ, ಆಮೇಲೆ ಮಾತು' ಅಂದಿದ್ದು... ಹೌದು. ಅಷ್ಟೇ ಅಂದಿದ್ದು."

ಅವನು ಖಾಲಿ ಬೆಂಚಿನ ಮೇಲೆ ಕುಳಿತ. ಮತ್ತೆ ಹುಡುಗಿಯರ ಹೆಸರೆತ್ತಿದ. ಅವರ ಸಂಬಳ, ಅವರ ಭವಿಷ್ಯ, ಪಾಪ, ಆ ಟೆಗನ್ನಳ ಮಂಡಿ. ಆ ಕಡೆಯಿಂದ ಬಂದ ಉತ್ತರ ಚಿಕ್ಕದೇ ಇರಬೇಕು, ಆದರೆ ಅವನ ಮಾತು ನಡುವೆಯೇ ನಿಂತುಹೋಯಿತು.

"...ತಂಡ ಕಿತ್ತುಕೊಳ್ಳಲ್ಲ ಅಂತೀಯಾ? ... ಹೂಂ. ಸಹಿ ಆಗಿದೆ, ಐದು ವರ್ಷಕ್ಕೆ. ... ಹೂಂ, ಅವರಿಗೆ ಏನೂ ಆಗಲ್ಲ. ... ಹೋಗೋದು ನನ್ನ ಕುರ್ಚಿ ಒಂದೇ. ... ಗೊತ್ತಿತ್ತು ಅಕ್ಕಾ. ನನಗೂ ಗೊತ್ತಿತ್ತು."

ಸೋಮವಾರದಿಂದ ಈ ಮಾತನ್ನು ಅವನು ತನಗೂ ಹೇಳಿಕೊಂಡಿರಲಿಲ್ಲ. ಹೇಳಿದ ಮೇಲೆ ನೋಡಿದರೆ ಛಾವಣಿಯೇನೂ ಕಳಚಿ ಬಿದ್ದಿರಲಿಲ್ಲ. ಕೆಳಗೆ ಟೆಗನ್ನಳ ಜೊತೆಯ ಹುಡುಗಿಯರು ಅಭ್ಯಾಸಕ್ಕೆ ಬರತೊಡಗಿದ್ದರು; ಚೀಲಗಳನ್ನು ಹೊತ್ತು, ಅಭ್ಯಾಸಬಲದಿಂದ ತಗಡಿನ ಕೋಣೆಯ ಕಡೆಗೆ ನಡೆಯುತ್ತಿದ್ದರು. ಕ್ಲಿಫರ್ಡ್ ಕಿಟಕಿಯ ಗಾಜು ತಟ್ಟಿದ. ಒಬ್ಬಳು ತಲೆಯೆತ್ತಿದಳು. ಮೇಲೆ ಬನ್ನಿ ಎಂದು ಕೈ ಮಾಡಿದ. ಅವಳಿಗೆ ನಂಬಿಕೆ ಬರಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆಂದು ಹಿಂತಿರುಗಿ ನೋಡಿದಳು. ಅವನು ಇನ್ನೊಮ್ಮೆ ಕೈ ಮಾಡಿದ.

"ಅಕ್ಕಾ, ಕೇಳು. ಏನು ಬೇಕಾದರೂ ಹೇಳ್ಕೋ. ಗೇಟು, ಬೀಗ, ಎಲ್ಲ ಹೇಳು. ಆದರೆ ಬಾ. ... ಬಸ್ಸಲ್ಲಿ ಬರಬೇಡ, ನಾನೇ ಕಾರಲ್ಲಿ ಬಂದು ಕರ್ಕೊಂಡು ಬರ್ತೀನಿ. ಗಂಟೆ ಹೊಡಿಯೋದು ಆಮೇಲೆ. ಮೊದಲು ಮೇಲೆ ಬಂದು ಅಪ್ಪನ ಹೆಸರು ನೋಡು. ಹತ್ತು ಗಂಟೆಗೆ ಬರ್ಲಾ? ... ಹಲೋ? ಅಕ್ಕಾ, ಹತ್ತಕ್ಕೆ ಅಂದೆ, ಕೇಳಿಸ್ತಾ? ... ಈ ಗೋಡೆ ದಪ್ಪ, ಸಿಗ್ನಲ್ಲು... ಹಲೋ... ಎನಿಡ್? ... ಹಲೋ..."