ವಿಮಾನಕ್ಕೆ ಪಾಲು ಹಾಕಿದ್ದು

ಈ ಸಭೆಯ ಅಧ್ಯಕ್ಷರೂ ನಮ್ಮ ಮೇಲುಕೊಪ್ಪ ಶಾಲೆಯ ಹೆಡ್‌ಮಾಸ್ತರರೂ ಆದ ಉಮಾಪತಿಯವರೇ, ಹೊಸನಗರದಿಂದ ಜೀಪಿನಲ್ಲಿ ಧೂಳು ಕುಡಿಯುತ್ತ ಬಂದಿರುವ ತಾಲ್ಲೂಕು ಬೋರ್ಡಿನ ಅತಿಥಿಗಳೇ, ಕರೆಯದಿದ್ದರೂ ಬಂದು ಮುಂದಿನ ಕುರ್ಚಿಯಲ್ಲೇ ಕೂತ ರೇಂಜರ್ ಸಾಹೇಬರೇ, ತಾಯಂದಿರೇ, ನಾಟಕ ಯಾವಾಗ ಶುರುವಾಗುತ್ತದೋ ಎಂದು ಆಗಿನಿಂದ ಪರದೆಯನ್ನೇ ನೋಡುತ್ತಿರುವ ನನ್ನ ಊರಿನ ಸಭಿಕರೇ,

ಸನ್ಮಾನಕ್ಕೆ ಎರಡೇ ಮಾತಿನಲ್ಲಿ ಉತ್ತರ ಹೇಳಿ ಕೂತುಬಿಡಿ ಎಂದು ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದ್ದಾರೆ. ಎರಡು ಮಾತು! ಅವರೇ ನನ್ನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತು ಹೊಗಳಿಸಿಕೊಂಡವನು ಎರಡು ಮಾತಿನಲ್ಲಿ ಹೇಗೆ ಕೂರುವುದು ಸ್ವಾಮಿ? ನಲವತ್ತು ವರ್ಷ ಬೇಟೆಯ ಪಾಲು ಹಾಕಿದ ಸುಬ್ಬಪ್ಪನ ಕೈಯಲ್ಲಿ ಒಂದು ಪಾಲಿಗೂ ಇನ್ನೊಂದು ಪಾಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬಂದಿಲ್ಲ ಎಂದರು. ನೀವೂ ಚಪ್ಪಾಳೆ ಹೊಡೆದಿರಿ. ಹೊಡೆಯದೆ ಏನು ಮಾಡುತ್ತೀರಿ, ಮುಂದಿನ ಬೇಟೆಯಲ್ಲೂ ಕತ್ತಿ ನನ್ನ ಕೈಯಲ್ಲೇ ಇರುತ್ತದಲ್ಲ.

ಬೋರ್ಡಿನ ಅತಿಥಿಗಳಿಗೆ ನಮ್ಮ ಪದ್ಧತಿ ಗೊತ್ತಿರಲಿಕ್ಕಿಲ್ಲ. ಹಂದಿ ಬಿದ್ದರೆ ಹೊಡೆದವನಿಗೆ ತಲೆ. ಹಳುವಿನ ಪೊದೆಗಳಲ್ಲಿ ಕೂಗು ಹಾಕಿ ಎಬ್ಬಿಸಿದವರಿಗೆ, ನಾಯಿ ತಂದವರಿಗೆ, ಕೊನೆಗೆ ಪಾಲು ಹಾಕುವ ಹೊತ್ತಿಗೆ ಸುಮ್ಮನೆ ಬಂದು ನಿಂತವನಿಗೂ ಒಂದು ಪಾಲು. ಬಿದ್ದದ್ದನ್ನು ಕಾಡಿನಲ್ಲೇ ಬಿಟ್ಟು ಬರುವಂತಿಲ್ಲ, ಬಿಟ್ಟರೆ ಮುಂದಿನ ಬೇಟೆಗೆ ಏನೂ ಬೀಳುವುದಿಲ್ಲ. ಪಾಲಾಗುವ ಮೊದಲು ಯಾರಾದರೂ ಒಂದು ಚೂರು ಎತ್ತಿಟ್ಟುಕೊಂಡನೋ, ಮೂರು ವರ್ಷ ಅವನನ್ನು ಬೇಟೆಗೆ ಕರೆಯುವುದಿಲ್ಲ. ಹಿಂದೆ ನಮ್ಮ ಬೆಳ್ಳಪ್ಪ ಒಂದು ಮೊಲದ ಈಲಿಯನ್ನು, ಲಿವರ್ ಅನ್ನುತ್ತಾರಲ್ಲ ಅದನ್ನು, ಎಲೆಯಲ್ಲಿ ಸುತ್ತಿಟ್ಟುಕೊಂಡಿದ್ದ. ಮೂರು ವರ್ಷ ಹೊರಗಿಟ್ಟೆ. ಇಟ್ಟವನು ನಾನೇ. ಅಲ್ಲಿ ಕಂಬದ ಹತ್ತಿರ ಕೂತಿದ್ದಾನೆ, ಈಗಲೂ ನನ್ನನ್ನು ನೋಡುವ ನೋಟ ಸರಿಯಿಲ್ಲ. ರೇಂಜರ್ ಸಾಹೇಬರೇ, ಇದೆಲ್ಲ ಗದ್ದೆ ಹಾಳು ಮಾಡುವ ಹಂದಿಯ ಮಾತು. ಬೇರೆ ಯಾವ ಪ್ರಾಣಿಯ ಹೆಸರೂ ನಮಗೆ ಗೊತ್ತಿಲ್ಲ, ಬರೆದುಕೊಳ್ಳಬೇಡಿ.

ಇಷ್ಟು ಹೇಳಿದ ಮೇಲೆ ವಿಮಾನದ ವಿಷಯ ಬಿಟ್ಟರೆ ನೀವು ನನ್ನನ್ನು ಇಳಿಯಲು ಬಿಡುತ್ತೀರಾ? ಆಗಲಿ, ಹೇಳುತ್ತೇನೆ.

ಅರವತ್ತೆರಡನೇ ಇಸವಿ ಜನವರಿ. ಗದ್ದೆ ಕೊಯ್ಲು ಮುಗಿದಿತ್ತು. ನಾವು ಮೂವತ್ತೊಂದು ಮನೆಯವರು ಹೆಬ್ಬಂಡೆ ಗುಡ್ಡಕ್ಕೆ ಹಂದಿಗೆ ಹೋಗಿದ್ದೆವು. ಬೆಳಗ್ಗೆ ಹತ್ತು ಗಂಟೆಯಾದರೂ ಮಂಜು ಹರಿದಿರಲಿಲ್ಲ. ಹಂದಿ ಎದ್ದಿತು, ಮಾಸ್ತಪ್ಪ ಈಡು ಹಾರಿಸಿದ. ಈಡಿನ ಸದ್ದು ಇನ್ನೂ ಗುಡ್ಡದಲ್ಲಿ ಸುತ್ತುತ್ತಿತ್ತು, ತಲೆಯ ಮೇಲೆ ಗರ್ ಎಂದು ಏನೋ ಬಂತು, ಮರ ಮುರಿದವು, ದೊಡ್ಡದೊಂದು ಶಬ್ದ, ಆಮೇಲೆ ನಾಯಿಗಳೂ ಬೊಗಳಲಿಲ್ಲ. ಮಂಜಿನಲ್ಲಿ ನೋಡಿದರೆ ವಿಮಾನ! ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ. ಮಾಸ್ತಪ್ಪ ಕೋವಿಯನ್ನು ನೆಲಕ್ಕೆ ಹಾಕಿ ನನ್ನ ಕಾಲು ಹಿಡಿದುಕೊಂಡ.

"ಅಣ್ಣಾ, ನಾ ಹೊಡ್ದಿದ್ದು ಹಂದಿಗೆ ಕಣಣ್ಣಾ! ದೇವ್ರಾಣೆ ಹಂದಿಗೇಯ!"

ಅಷ್ಟರಲ್ಲಿ ಆ ಮುರುಕಲಿನ ಒಳಗಿಂದ ಒಂದು ದನಿ ಕೇಳಿತು. "ಯಾರ್ರೀ ಅದು ಗುಂಡ ಹೊಡದವ್ರು? ನಾ ಬಿದ್ದೇನ್ರೀ ಈಗಾಗ್ಲೇ, ಇನ್ನೊಂದ ಹೊಡೀಬ್ಯಾಡ್ರಿ!"

ಧಾರವಾಡದ ಕಡೆಯ ಹುಡುಗ, ದೇಸಾಯಿ ಎಂದು ಹೆಸರು. ಯಾವುದೋ ಕಂಪನಿಯ ಸಣ್ಣ ವಿಮಾನ, ಮೇಲಿನಿಂದ ಕಾಡಿನ ಫೋಟೋ ತೆಗೆಯುವ ಕೆಲಸ. ಒಬ್ಬನೇ ಇದ್ದ. ಕಾಲು ಎರಡು ಕಡೆ ಮುರಿದಿತ್ತು. ಕಂಬಳಿಗೆ ಗಳ ಕಟ್ಟಿ, ಅವನನ್ನು ಹೊತ್ತು, ನಾಲ್ಕು ಮೈಲಿ ಇಳಿಸಿ, ಮರ ಸಾಗಿಸುವ ನಾಟದ ಲಾರಿ ನಿಲ್ಲಿಸಿ ಸಾಗರದ ಆಸ್ಪತ್ರೆಗೆ ಮುಟ್ಟಿಸಿದೆವು. ದಾರಿಯುದ್ದಕ್ಕೂ ಮಾಸ್ತಪ್ಪ ಅವನ ಹತ್ತಿರ ಹಂದಿಯ ಗಾತ್ರ ಹೇಳುತ್ತಲೇ ಇದ್ದ, ಪಾಪ, ಅವನು ನರಳುತ್ತಲೇ ಹೂಂಗುಟ್ಟುತ್ತಿದ್ದ.

ಮಾರನೆಯ ದಿನ ಗುಡ್ಡಕ್ಕೆ ಹೋದೆವು. ಬೇಟೆಯ ದಿನ ಬಿದ್ದದ್ದು, ಬೇಟೆಯ ಜಾಗದಲ್ಲಿ ಬಿದ್ದದ್ದು. ಬಿಟ್ಟು ಬರುವುದು ಹೇಗೆ? ಮುಟ್ಟಬೇಡಿ ಎಂದು ಹೇಳುವವರು ಯಾರೂ ಇರಲಿಲ್ಲ. ಪಾಲು ಹಾಕಿದೆ. ನಗಬೇಡಿ, ನಕ್ಕವರ ಮನೆಗೂ ಪಾಲು ಬಂದಿದೆ! ಹಿಂದಿನ ದಿನ ನನ್ನ ಕಾಲು ಹಿಡಿದು ಅತ್ತ ಮಾಸ್ತಪ್ಪ ಪಾಲಿನ ಹೊತ್ತಿಗೆ ಎದೆಯುಬ್ಬಿಸಿ ಬಂದ. "ಈಡು ನಂದೇ ಅಲ್ವಾ ಅಣ್ಣಾ? ತಲೆ ನಂಗೇ ಬರ್ಬೇಕು." ಸರಿ, ಕೂರುವ ಸೀಟು, ಮುಂದಿನ ಗಾಜು ಅವನಿಗೆ. ಕನ್ನಪ್ಪನಿಗೆ ಬಾಗಿಲು, ಅದನ್ನು ಕೋಳಿಗೂಡಿಗೆ ಹಾಕಿದ. ರೆಕ್ಕೆಯ ತಗಡು ಮೊಳ ಹಾಕಿ ಕುಯ್ದು ಎಲ್ಲರಿಗೂ. ತಂತಿಯನ್ನು ಮಾರು ಹಾಕಿ ಸಮಸಮ ಕತ್ತರಿಸಿ ದನ ಕಟ್ಟುವವರಿಗೆ. ನ್ಯಾಯವಾಗಿ ಹಂಚಿದೆ, ಒಬ್ಬರೂ ತಕರಾರು ಎತ್ತಲಿಲ್ಲ.

ಒಂಬತ್ತನೆಯ ದಿನ ವಿಚಾರಣೆಯ ಅಧಿಕಾರಿ ಬಂದರು. ಜೊತೆಗೆ ಪ್ಲಾಸ್ಟರ್ ಕಾಲಿನ ದೇಸಾಯಿ. ಅವನನ್ನು ಊರಲ್ಲೇ ಕೂರಿಸಿ ಅಧಿಕಾರಿ ಗುಡ್ಡ ಹತ್ತಿ ನೋಡುತ್ತಾರೆ, ಒಂದು ಮೊಳೆಯೂ ಇಲ್ಲ! ಅಧಿಕಾರಿ ತಲೆಯ ಮೇಲೆ ಕೈಯಿಟ್ಟು ಕೂತರು. ನಾನು ಹೇಳಿದೆ, ಬೇಜಾರು ಮಾಡಬೇಡಿ, ಯಾವ ಪಾಲು ಯಾವ ಮನೆಯಲ್ಲಿದೆ ಎಂದು ನನಗೆ ಬಾಯಿಪಾಠ. ಸಂಜೆಯೊಳಗೆ ಮೂವತ್ತೊಂದು ಮನೆಯವರೂ ತಂದು ಕೊಯ್ದ ಗದ್ದೆಯಲ್ಲಿ ಜೋಡಿಸಿದರು. ಬಾಗಿಲಿಗೆ ಕೋಳಿ ಹಿಕ್ಕೆ ಮೆತ್ತಿತ್ತು, ಅಷ್ಟೇ. ಇಂಥದ್ದು ನನ್ನ ಸರ್ವಿಸಿನಲ್ಲಿ ಕಂಡಿಲ್ಲ ಎಂದು ಅಧಿಕಾರಿ ನನ್ನ ಕೈ ಕುಲುಕಿದರು.

ಆಮೇಲೆ ತಂತಿಯ ತುಂಡುಗಳನ್ನು ಒಂದೊಂದಾಗಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಸಣ್ಣದಾಯಿತು. ಮಾಸ್ತರರೇ, ಅವರ ಇಂಗ್ಲಿಷನ್ನು ನಮಗೆ ಬಿಡಿಸಿ ಹೇಳಿದವರು ನೀವೇ, ನೆನಪಿದೆಯಲ್ಲ? ಬಾಲದ ತಂತಿ ಆಕಾಶದಲ್ಲೇ ಹರಿಯಿತು, ಮೂತಿ ಮೇಲೆತ್ತಲು ಆಗಲಿಲ್ಲ ಎಂದು ದೇಸಾಯಿ ಹೇಳುತ್ತಾನೆ. ಹುಡುಗಾಟಕ್ಕೆ ಗುಡ್ಡದ ಹತ್ತಿರ ಹಾರಿಸಿದ ಎಂದು ಕಂಪನಿಯವರು ಹೇಳುತ್ತಾರೆ. ತಂತಿ ಒಂದು ಸಣ್ಣ ಗಾಲಿಯ ಮೇಲೆ ಹಾದು ಹೋಗುತ್ತದೆ. ಆ ಗಾಲಿ, ಅದರ ಚೌಕಟ್ಟಿಗೆ ಸಿಕ್ಕಿಕೊಂಡ ಹರಿದ ತುದಿ, ಅದೊಂದು ಸಿಕ್ಕಿದರೆ ಸವೆದು ಹರಿದದ್ದೋ ಅಲ್ಲವೋ ತಿಳಿಯುತ್ತದೆ. ಸಿಗದಿದ್ದರೆ ತಪ್ಪು ಹುಡುಗನ ಮೇಲೆ, ಲೈಸೆನ್ಸು ಹೋಯಿತು, ಜನ್ಮದಲ್ಲಿ ಇನ್ನು ವಿಮಾನ ಹತ್ತುವಂತಿಲ್ಲ. ಗದ್ದೆಯಲ್ಲಿ ಎಲ್ಲ ಇತ್ತು, ಅದೊಂದು ಇರಲಿಲ್ಲ.

ದೇಸಾಯಿ ಕುರ್ಚಿಯಲ್ಲಿ ಕೂತು ತನ್ನ ಕಾಲನ್ನೇ ನೋಡುತ್ತಿದ್ದ. "ನಮ್ಮವ್ವ ಹೊಲಾ ಮಾರಿ ಕಲಿಸ್ಯಾಳ್ರೀ," ಎಂದ.

ಆಗ ನಿಮಗೆಲ್ಲ ಗೊತ್ತಿರುವ ನಗೆಯ ಪ್ರಸಂಗ. ಹೆಂಗಸರ ನಡುವಿನಿಂದ ನನ್ನ ಹೆಂಡತಿ ಬಂಗಾರಮ್ಮ ಎದ್ದು ಮನೆಗೆ ಹೋದಳು, ಬಂದಳು, ಸೆರಗಿನಿಂದ ಗಾಲಿ ತೆಗೆದು ಅಧಿಕಾರಿಯ ಮುಂದೆ ಇಟ್ಟಳು. "ಸೊಪ್ಪಿಗೆ ಹೋದಾಗ ಸಿಕ್ತು ಸ್ವಾಮಿ. ಮೊಮ್ಮಗ ಆಡ್ಲಿ ಅಂತ ಅಕ್ಕಿ ಡಬ್ಬೀಲಿ ಇಟ್ಟಿದ್ದೆ. ಮರ್ತೇಹೋಗಿತ್ತು." ಅಧಿಕಾರಿ ಕನ್ನಡಕ ಹಾಕಿಕೊಂಡು ತುದಿ ನೋಡಿದರು. ಅರ್ಧದಷ್ಟು ಎಳೆಗಳು ತುಕ್ಕು ಹಿಡಿದು ಮೊದಲೇ ಹರಿದಿದ್ದವು. ಹುಡುಗ ಉಳಿದುಕೊಂಡ. ನೀವೆಲ್ಲ ಹೋ ಎಂದು ನಕ್ಕಿರಿ. ಪಾಲಿನ ಸುಬ್ಬಪ್ಪನ ಮನೆಯಲ್ಲೇ ಕಳ್ಳಪಾಲು! ಹೆಂಗಸಿಗೆ ಬೇಟೆಯ ಕಟ್ಟಳೆ ಇಲ್ಲ, ಆದ್ದರಿಂದ ಶಿಕ್ಷೆ ಇಲ್ಲ, ನಗು ಮಾತ್ರ. ಅಂದಿನಿಂದ ಅವಳು ವಿಮಾನದ ಬಂಗಾರಮ್ಮ. ಮದುವೆ ಮನೆಗೆ ಹೋದರೆ "ಬಂಗಾರಕ್ಕ ಬಂದ್ಲು, ಲೋಟ ಎಣ್ಸಿ ಇಟ್ಕೊಳ್ರೇ" ಎನ್ನುತ್ತೀರಿ. ನಾನೂ ನಿಮ್ಮ ಜೊತೆ ನಕ್ಕಿದ್ದೇನೆ.

ಆದರೂ ಆ ಗಾಲಿ ಎಷ್ಟು ಚೆಂದ ಇತ್ತು ಅಂತೀರಿ! ಅಂಗೈಯಷ್ಟೇ ಅಗಲ. ಬೆರಳಿನಿಂದ ಒಮ್ಮೆ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ. ಅವತ್ತು ದೇಸಾಯಿಯನ್ನು ಕಂಬಳಿಗೆ ಎತ್ತುವಾಗ ಬಾಲದ ಕೆಳಗೆ ತರಗೆಲೆಯಲ್ಲಿ ಹೊಳೆಯುತ್ತ ಬಿದ್ದಿತ್ತು, ನೋಡಿದ ಕೂಡಲೇ ನನಗೆ...

ಏಕೆ ಸುಮ್ಮನಾದಿರಿ?

ಬೆಳ್ಳಪ್ಪ ಎದ್ದು ನಿಂತಿದ್ದಾನೆ. ಕೂತ್ಕೊಳೋ ಮಾರಾಯ, ನಿನಗೆ ಅರ್ಥವಾದದ್ದು ಸರಿ. ಬಂಗಾರಮ್ಮ ಅವತ್ತು ಗುಡ್ಡದಲ್ಲಿ ಇರಲಿಲ್ಲ. ನಾನಿದ್ದೆ. ನೀವೆಲ್ಲ ಹುಡುಗನನ್ನು ಎತ್ತುತ್ತಿದ್ದಿರಿ, ನಾನು ಹಾಗೆ ಹಿಡಿ, ಹೀಗೆ ಹಿಡಿ ಎಂದು ಹೇಳುತ್ತ ಗಾಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಐವತ್ತೆಂಟು ವರ್ಷದ ಗಂಡಸು! ಮಾರನೆಯ ದಿನ ಅದೇ ಕೈಯಿಂದ ನ್ಯಾಯವಾಗಿ ಪಾಲು ಹಾಕಿದೆ. ಅಕ್ಕಿ ಡಬ್ಬಿಯಲ್ಲಿ ಇಟ್ಟವನು ನಾನು. ಮಧ್ಯಾಹ್ನ ಯಾರೂ ಇಲ್ಲದಾಗ ತೆಗೆದು ತಿರುಗಿಸಿ ನೋಡುತ್ತಿದ್ದೆ. ಅವಳು ನೋಡಿದ್ದಳು, ಕೇಳಿರಲಿಲ್ಲ.

ಗದ್ದೆಯಲ್ಲಿ ಆ ಹುಡುಗ ತಾಯಿಯ ಮಾತು ಹೇಳಿದಾಗ ನಾನು ಏನು ಮಾಡಿದೆ? ಬದುವಿನ ಹತ್ತಿರ ಹೋಗಿ ಎಲೆಅಡಿಕೆ ಹಾಕಿದೆ. ಕೊಟ್ಟರೆ ಕತ್ತಿ ಹೋಗುತ್ತದೆ, ಮೂರು ವರ್ಷ ಮನೆಯಲ್ಲಿ ಕೂರಬೇಕು, ಬೆಳ್ಳಪ್ಪನ ಮುಖ ನೋಡಬೇಕು. ಇಷ್ಟಕ್ಕಾಗಿ ಒಬ್ಬನ ಅನ್ನ ಕಳೆಯಲು ನಾನು ತಯಾರಿದ್ದೆ. ಸತ್ಯವಾಗಿ ತಯಾರಿದ್ದೆ. ಬಂಗಾರಮ್ಮ ಎದ್ದು ಹೋಗದಿದ್ದರೆ ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.

ಅವತ್ತು ಮನೆಗೆ ಬಂದು, ಏಕೆ ಹಾಗೆ ಮಾಡಿದೆ ಎಂದು ಕೇಳಿದೆ. "ಆ ಹುಡ್ಗನ ಮುಖ ನೋಡಕ್ಕಾಗ್ಲಿಲ್ಲ. ನಿಮ್ಮ ಮುಖಾನೂ ನೋಡಕ್ಕಾಗ್ಲಿಲ್ಲ" ಎಂದಳು. ಅನ್ನ ಬಡಿಸಿದಳು. ಆರು ವರ್ಷದಲ್ಲಿ ಒಮ್ಮೆಯೂ ಆ ಮಾತು ಎತ್ತಿಲ್ಲ. ದೇಸಾಯಿ ಈಗಲೂ ವಿಮಾನ ಹಾರಿಸುತ್ತಾನೆ, ದೀಪಾವಳಿಗೆ ಅವಳ ಹೆಸರಿಗೇ ಕಾಗದ ಬರೆಯುತ್ತಾನೆ. ಓದಿ ಹೇಳುವವನು ನಾನು. ನಾಚಿಕೆಯಾಗುತ್ತದೆ, ಆದರೂ ಓದುತ್ತೇನೆ.

ಬೆಳ್ಳಪ್ಪ, ತಪ್ಪಾಯಿತು. ಇವತ್ತಿನಿಂದ ಮೂರು ವರ್ಷ ನನ್ನನ್ನು ಬೇಟೆಗೆ ಕರೆಯಬೇಡಿ. ಕತ್ತಿಯನ್ನು ಬೆಳ್ಳಪ್ಪನಿಗೇ ಕೊಡಿ, ಒಂದು ಈಲಿಯ ಬೆಲೆ ಅವನಿಗೆ ಗೊತ್ತಿದ್ದಷ್ಟು ಈ ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಮತ್ತೆ ಲೋಟ ಎಣಿಸುವವರು ಇನ್ನು ಮುಂದೆ ನಾನು ಬಂದಾಗ ಎಣಿಸಿ.

ಅಧ್ಯಕ್ಷರೇ, ಗಂಟೆ ಬಾರಿಸಬೇಡಿ, ಮುಗಿಸುತ್ತಿದ್ದೇನೆ. ಬಂಗಾರಮ್ಮ ಎದ್ದು ಬಾಗಿಲ ಕಡೆ ಹೊರಟಿದ್ದಾಳೆ. ಸೆರಗು ಬಾಯಿಗೆ ಇಟ್ಟುಕೊಂಡಿದ್ದಾಳೆ, ನಗುತ್ತಿದ್ದಾಳೋ ಅಳುತ್ತಿದ್ದಾಳೋ ಈ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ನನಗೆ ಕಾಣಿಸುತ್ತಿಲ್ಲ. ಆರು ವರ್ಷ ಈ ಊರಿನ ನಗುವನ್ನು ಅವಳೊಬ್ಬಳೇ ಹೊತ್ತುಕೊಂಡು ಓಡಾಡಿದ್ದಾಳೆ. ನಾಟಕ ನೀವು ನೋಡಿ. ನಾನು ಅವಳ ಜೊತೆ ಮನೆಗೆ ಹೋಗುತ್ತೇನೆ.

ಕರೆದವರಿಗೂ ಕೇಳಿದವರಿಗೂ ನನ್ನ ವಂದನೆ. ಏ ಬಂಗಾರೀ, ನಿಲ್ಲೇ, ನಾನೂ ಬಂದೆ. ಎಲ್ಲರಿಗೂ ನಮಸ್ಕಾರ.